ಅಕ್ಕನ ಸಕ್ಕರೆ ಇಲ್ಲದ ಚಹಾ

ನಾಶಿಕ
೮ ಜೂನ್ ೨೦೧೨

ಪ್ರೀತಿಯ ಜಗದೇವಿ ಅಕ್ಕನಿಗೆ,

ನಿನ್ನ ತಂಗಿ ಪ್ರಿಯಾಳ ಶರಣು. ಮನ್ಮಥಪ್ಪ ಭಾವನಿಗೂ ಶರಣು ಹೇಳು. ಪತ್ರ ತಡವಾಯಿತು, ಬೈಯಬೇಡ. ಬರೆಯಲು ಕೂತಾಗಲೆಲ್ಲ ಅಮೂಲ್ಯಾ ಏಳುತ್ತಾಳೆ. ಅವಳು ಮಲಗುವುದಿಲ್ಲ, ಹಾಗಾಗಿ ನಾನೂ ಮಲಗುವುದಿಲ್ಲ. ಅಪ್ಪಿತಪ್ಪಿ ಮಲಗಿದರೆ ಉಸಿರು ಆಡುತ್ತಿದೆಯೋ ಇಲ್ಲವೋ ಎಂದು ಮೂಗಿನ ಬಳಿ ಬೆರಳಿಟ್ಟು ನೋಡುತ್ತೇನೆ, ಅದಕ್ಕೇ ಎದ್ದುಬಿಡುತ್ತಾಳೆ. ನಮ್ಮ ಯಜಮಾನರು ವಿನಯ ನಗುತ್ತಾರೆ: "ಎಂ.ಎಸ್ಸಿ. ಮಾಡಿದಾಕಿ ನೀ. ಕೂಸಿನ ಉಸಿರಿನ ಮ್ಯಾಲೂ ನಂಬಿಗಿ ಇಲ್ಲೇನು?"

ಫೋನಿನಲ್ಲೇ ಮಾತಾಡಬಹುದಿತ್ತು. ಆದರೆ ನೀನು ಫೋನ್ ಎತ್ತಿದರೆ ನಿನ್ನ ಅತ್ತೆ ಚನಬಸವ್ವನವರು ಬಂದು ಪಕ್ಕದಲ್ಲೇ ಕೂರುತ್ತಾರೆ. ಅದಕ್ಕೆ ಈ ಪತ್ರವನ್ನು ಭಾವನ ಅಂಗಡಿಯ ವಿಳಾಸಕ್ಕೆ ಹಾಕುತ್ತಿದ್ದೇನೆ. ನಿನ್ನ ಅತ್ತೆಗೆ ಓದು ಬಾರದು. ನಿನ್ನ ಮಕ್ಕಳು ಮರಾಠಿ ಶಾಲೆಯವರು, ಮನೆಯ ಮಾತು ತಿಳಿದರೂ ಅಕ್ಷರ ತಿಳಿಯದು. ಔರಂಗಾಬಾದಿನ ನಿಮ್ಮ ಮನೆಯಲ್ಲಿ ಕನ್ನಡದಷ್ಟು ಗಟ್ಟಿಯಾದ ಬೀಗ ಇನ್ನೊಂದಿಲ್ಲ.

ಮೊನ್ನೆ ಕಾರ ಹುಣ್ಣಿಮೆಗೆ ಹೋಳಿಗೆ ಮಾಡಿದ್ದೆ. ತಟ್ಟೆಗೆ ಹಾಕಿಕೊಂಡೆ, ಮುರಿಯಲು ಕೈ ಬರಲಿಲ್ಲ. ಕಳೆದ ವರ್ಷದ ಕಾರ ಹುಣ್ಣಿಮೆ ನೆನಪಾಯಿತು. ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ ಅಕ್ಕಾ. ನನಗೆ ಒಮ್ಮೆ ಬರೆದು ನೋಡಬೇಕಾಗಿದೆ. ಇಲ್ಲದಿದ್ದರೆ ಇದೆಲ್ಲ ನಿಜವಾಗಿ ನಡೆಯಿತು ಎಂಬುದೇ ನಂಬಿಕೆಯಾಗುವುದಿಲ್ಲ.

ನನ್ನ ಅಂಡಾಶಯ ಈ ವಯಸ್ಸಿಗೇ ಬತ್ತಿದೆ, ಬೇರೆ ಹೆಂಗಸಿನ ಅಂಡ ಸಿಕ್ಕರೆ ಮಗುವನ್ನು ಹೊರಬಹುದು ಎಂದು ಇಲ್ಲಿಯ ಡಾಕ್ಟರು ಹೇಳಿದಾಗ ನಾನು ನಿನಗೆ ಫೋನ್ ಮಾಡಿ ಬರೀ ಅತ್ತಿದ್ದೆ, ಏನೂ ಕೇಳಿರಲಿಲ್ಲ. ನೀನೇ ಅಂದೆ: "ಬ್ಯಾರೆ ಹೆಂಗಸು ಯಾಕ? ನಾ ಏನ್ ಸತ್ತೀನೇನು?" ಆಮೇಲೆ ಕುಲುಕುಲು ನಕ್ಕೆ: "ಜನ್ಮದಾಗ ತತ್ತಿ ಮುಟ್ಟಿದಾಕಿ ಅಲ್ಲ ನಾ. ಈಗ ನಾನೇ ತತ್ತಿ ಇಡೂ ಕೋಳಿ ಆದ್ನಲ್ಲೇ!"

ಆ ಮಾತು ಹೇಳಿದವಳು ಯಾರು? ಶಾಲೆಗೆ ಲಸಿಕೆ ಹಾಕುವವರು ಬಂದರೆ ಹಿತ್ತಲ ಜೋಳದ ಕಣಕಿ ಬಣವೆಯಲ್ಲಿ ಅಡಗಿ ಸಂಜೆವರೆಗೆ ಹೊರಗೆ ಬರದಿದ್ದವಳು. ಅಂಥವಳು ಈಗ, ಅಂಡ ಬಲಿಯಲೆಂದು, ದಿನಾ ಸಂಜೆ ತನ್ನ ಕೈಯಿಂದಲೇ ತನ್ನ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳಬೇಕು. ನನಗೆ ಮಾತ್ರ ಬರೀ ಗುಳಿಗೆ.

ಐಸ್ ತುಂಬಿದ ಥರ್ಮಾಸಿನಲ್ಲಿ ಆ ಔಷಧಿ ಇಟ್ಟುಕೊಂಡು ನಾನೇ ಬಸ್ಸಿನಲ್ಲಿ ನಿಮ್ಮಲ್ಲಿಗೆ ಬಂದೆ. ದಾರಿಯ ನಿಫಾಡ್ ಊರು ದಾಟುವವರೆಗೂ ಥರ್ಮಾಸನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಪಕ್ಕದ ಸೀಟಿನ ಹೆಂಗಸು, "ಆತ ಕಾಯ್, ಕುಲ್ಫಿ?" ಅಂತ ಒಳಗೆ ಕುಲ್ಫಿ ಇದೆಯೇನೋ ಎನ್ನುವಂತೆ ಕೇಳಿದಳು. ಹೌದು ಅಂದೆ.

ಆ ಸಂಜೆ ನೀನು ನನ್ನನ್ನು ದೇವರ ಕೋಣೆಗೆ ಕರೆದೆ. "ಲಿಂಗಪೂಜಿಗೆ ಕುಂತಾಗ ನಮ್ಮ ಅತ್ತಿ ಕದ ಬಡಿಯಂಗಿಲ್ಲ. ಮನ್ಯಾಗ ನನಗಂತ ಇರೋದು ಅದೊಂದೇ ಹೊತ್ತು," ಅಂದೆ. ನೀನು ವಿಭೂತಿ ಹಚ್ಚಿಕೊಂಡೆ. ಎಡಗೈಯಲ್ಲಿ ಇಷ್ಟಲಿಂಗ ಇಟ್ಟು ಕಣ್ಣು ಮಿಟುಕಿಸದೆ ನೋಡುತ್ತ ಕೂತೆ. ಆಮೇಲೆ ಲಿಂಗವನ್ನು ಕರಡಿಗೆಯಲ್ಲಿಟ್ಟು, ಸೆರಗು ಸರಿಸಿ, ಹೊಕ್ಕುಳ ಪಕ್ಕ ಸ್ಪಿರಿಟ್ ಹತ್ತಿಯಿಂದ ಒರೆಸಿ, ಅದೇ ಎಡಗೈಯಿಂದ ಚರ್ಮ ಹಿಡಿದೆ. ನಾನು ಮುಖ ತಿರುಗಿಸಿದೆ.

"ಏ ಹುಚ್ಚಿ, ಈ ಕಡಿ ನೋಡು. ಬ್ಯಾರೆ ಕಡಿ ನೋಡಿದ್ರೇ ನೋಯೋದು. ಲಿಂಗ ನೋಡ್ದಂಗ ನೋಡಬೇಕು, ಅಂದ್ರ ಕೈ ನಡುಗಂಗಿಲ್ಲ."

ನೋಡಿದೆ. ಸೂಜಿ ನೇರವಾಗಿ ಒಳಗೆ ಹೋಯಿತು. ನಿನ್ನ ಮುಖ ಪೂಜೆಯಲ್ಲಿ ಇದ್ದ ಹಾಗೆಯೇ ಇತ್ತು. ನಾನು ಪ್ರಾಣಿಶಾಸ್ತ್ರ ಓದಿದವಳು, ಆ ಹಾರ್ಮೋನಿನ ಹೆಸರು, ಕೆಲಸ ಎಲ್ಲ ಪರೀಕ್ಷೆಗೆ ಬರೆದಿದ್ದೇನೆ. ಆದರೆ ಆ ಹನಿ ನಿನ್ನ ಮೈಯೊಳಗೆ ಇಳಿದು, ಇನ್ನೂ ಇಲ್ಲದ ಒಬ್ಬಳನ್ನು ಕರೆಯಲು ಹೊರಟಿದೆ ಎಂದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಆಮೇಲೆ ಆದದ್ದನ್ನಂತೂ ನೀನು ಹೇಳಿದಾಗಲೆಲ್ಲ ನಕ್ಕಿದ್ದೇವೆ. ಫ್ರಿಜ್ಜಿನಲ್ಲಿ ಮೊಸರಿನ ಹಿಂದೆ ಇಟ್ಟ ಸೂಜಿ ಔಷಧಿಯ ಡಬ್ಬಿ ಅತ್ತೆಯವರ ಕಣ್ಣಿಗೆ ಬಿತ್ತು. ಅವರ ತಮ್ಮ ಸಕ್ಕರೆ ಕಾಯಿಲೆಗೆ ಹೊಟ್ಟೆಗೇ ಚುಚ್ಚಿಕೊಳ್ಳುತ್ತಿದ್ದನಂತೆ. "ಯವ್ವಾ ಜಗದೇವಿ, ನಿನಗ ಸಕ್ಕರಿ ಬ್ಯಾನಿ ಹತ್ತೇದ, ಮುಚ್ಚಿ ಇಟ್ಟೀಯಲ್ಲ ನಮ್ಮ ಮುಂದ! ನಾವೇನು ಪರದೇಶದವ್ರೇನು?" ಅಂದರಂತೆ. ತಂಗಿಗೆ ಅಂಡ ಕೊಡುತ್ತೇನೆ ಅಂದರೆ ಅವರು ಬಿಡುತ್ತಿರಲಿಲ್ಲ. ಹೂಂ ಅಂದುಬಿಟ್ಟೆ. ಮರುದಿನದಿಂದಲೇ ಖಾಲಿ ಹೊಟ್ಟೆಗೆ ಹಾಗಲಕಾಯಿ ರಸ, ಮೇಲೆ ಮೆಂತ್ಯ ಕಾಳು. ಮುಂದೆಯೇ ನಿಂತು ಕುಡಿಸಿದರಂತೆ. ಕಾರ ಹುಣ್ಣಿಮೆಯ ದಿನ ಇಪ್ಪತ್ತು ಮಂದಿಗೆ ಹೋಳಿಗೆ ಬೇಯಿಸಿದವಳು ನೀನು, ತಿಂದದ್ದು ಜೋಳದ ರೊಟ್ಟಿ. ಔಷಧಿಗೆ ಹೊಟ್ಟೆ ಉಬ್ಬಿ, ತಲೆ ಸಿಡಿಯುವಾಗಲೂ ಬಡಿಸುತ್ತಿದ್ದೆಯಂತೆ. ಭಾವ ನನಗೆ ಹೇಳಿದರು, ನೀನು ಹೇಳಲಿಲ್ಲ.

ತಂಗಿಯ ಜೊತೆ ತ್ರ್ಯಂಬಕೇಶ್ವರಕ್ಕೆ ಹೋಗಬೇಕೆಂಬ ನೆಪ ಹೇಳಿ ನೀನು ಇಲ್ಲಿಗೆ ಬಂದೆ. ಡಾಕ್ಟರು ಸೋನೋಗ್ರಫಿ ಪರದೆ ನಮ್ಮ ಕಡೆ ತಿರುಗಿಸಿ ಮರಾಠಿಯಲ್ಲಿ, "ನೋಡ್ರಿ, ಥೇಟ್ ನಮ್ಮ ಕಡೆಯ ದ್ರಾಕ್ಷಿ ಗೊಂಚಲು," ಅಂದರು. ನಿನ್ನೊಳಗೆ ಬಲಿತ ಅಂಡಚೀಲಗಳು, ಕಪ್ಪು ಕಪ್ಪು, ದುಂಡು ದುಂಡು. ನಿಫಾಡಿನ ತೋಟಗಳಲ್ಲಿ ಒಂದೊಂದೇ ಗೊಂಚಲನ್ನು ಕೈಯಲ್ಲಿ ಹಿಡಿದು ಔಷಧಿ ನೀರಿಗೆ ಅದ್ದುವ ಹೆಂಗಸರನ್ನು ನೋಡಿದ್ದೆ. ಕಾಳು ದಪ್ಪವಾಗುವುದು ಹಾಗೆಯೇ. ಒಬ್ಬರ ಕೈ ಇಲ್ಲದೆ ಏನೂ ಆಗುವುದಿಲ್ಲ ಅಕ್ಕಾ.

ಆ ಗೊಂಚಲಿನ ಒಂದು ಕಾಳು ಈಗ ನನ್ನ ತೊಡೆಯ ಮೇಲೆ ಕೈಕಾಲು ಆಡಿಸುತ್ತಿದೆ. ಕಾಲಿನ ಹೆಬ್ಬೆರಳು ನಿನ್ನದರ ಹಾಗೆಯೇ ಮೇಲಕ್ಕೆ ಮಡಚಿದೆ. ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ, ನಿನ್ನ ಹಾಗೆ. ಅವಳ ಉಗುರು ನೋಡುತ್ತ ಕೂತರೆ ಬೆಳಗಾಗಿಬಿಡುತ್ತದೆ. ಇಷ್ಟು ಸಣ್ಣ ಉಗುರನ್ನೂ ಯಾರೋ ಕುಂತು ಮಾಡಿದ್ದಾರಲ್ಲ ಅನಿಸುತ್ತದೆ.

ಭಾವ ಹೋದ ವಾರ ಫೋನಿನಲ್ಲಿ ಅಂದರು: "ನಿಮ್ಮಕ್ಕ ಇನ್ನೂ ಸಕ್ಕರಿ ಇಲ್ಲದ ಚಹಾನೇ ಕುಡೀತಾಳ. ಬ್ಯಾನಿ ಬಿಟ್ಟೇದ ಅಂದ್ರ ನಮ್ಮವ್ವ ನಂಬಂಗಿಲ್ಲ. ಜನ್ಮದ ಬ್ಯಾನಿ ಅಂತ ಊರಿಗೆಲ್ಲ ಹೇಳ್ಯಾಳ." ನಾನು ನಗಲಿಲ್ಲ. ಚುಚ್ಚುವುದು ಹೋದ ವರ್ಷವೇ ಮುಗಿಯಿತು ಅಂದುಕೊಂಡಿದ್ದೆ. ನೀನು ದಿನಾ ಬೆಳಿಗ್ಗೆ, ದಿನಾ ಸಂಜೆ ನನ್ನ ಮಗಳಿಗಾಗಿ ಒಂದು ಕಪ್ ಕಹಿ ಚಹಾ ಕುಡಿಯುತ್ತಿದ್ದೀಯ. ಮುದುಕಿಯಾಗುವವರೆಗೂ ಕುಡಿಯುತ್ತೀಯ. ನನಗೆ ಕೈಮುಗಿಯಬೇಕು ಅನಿಸುತ್ತದೆ. ಮುಗಿದರೆ ನೀನು ತಲೆಗೆ ಮೊಟಕುತ್ತೀಯ.

ಮಳೆ ಇನ್ನೂ ಬಂದಿಲ್ಲ. ನಿನ್ನ ಮೈ ಜೋಪಾನ. ಮಕ್ಕಳಿಗೆ ಮುತ್ತು. ಇವಳ ಉಗುರನ್ನು ಮಾಡಿದ ದೇವರು ನಿನ್ನ ಹೊಟ್ಟೆಯನ್ನು ತಣ್ಣಗಿಡಲಿ, ನಿನ್ನ ಕೈಗೆ ಎಂದೂ ನಡುಕ ಬಾರದಿರಲಿ.

ನಿನ್ನ
ಪ್ರಿಯಾ

ತಾ.ಕ.: ಏಪ್ರಿಲ್‌ನಲ್ಲಿ ಇವಳನ್ನು ತೊಟ್ಟಿಲಿಗೆ ಹಾಕುವಾಗ, "ಬಿಸಿಲು ಭಾಳ ಅದ, ಮಕ್ಕಳ್ನ ಕಟ್ಟಿಕೊಂಡು ಬರಬ್ಯಾಡ," ಎಂದು ನಿನಗೆ ಹೇಳಿದೆನಲ್ಲ. ನೀನು, "ಆಯ್ತವ್ವ," ಎಂದು ಫೋನ್ ಇಟ್ಟೆ. ಮತ್ತೆ ಬರುತ್ತೇನೆ ಅನ್ನಲೇ ಇಲ್ಲ. ಬಿಸಿಲು ಅಲ್ಲ ಅಕ್ಕಾ. ಇವಳು ನನ್ನ ಕೈಯಲ್ಲಿ ಸುಮ್ಮನಾಗುವುದಿಲ್ಲ, ಹುಟ್ಟಿದಾಗಿನಿಂದ. ನೀನು ಎತ್ತಿಕೊಂಡ ಕೂಡಲೆ ಸುಮ್ಮನಾಗಿಬಿಟ್ಟರೆ? ಎಲ್ಲರ ಎದುರಿಗೆ, ತನ್ನವಳು ಸಿಕ್ಕಳು ಎನ್ನುವ ಹಾಗೆ? ಆ ಹೆದರಿಕೆಗೆ ನಿನ್ನನ್ನು ತಡೆದೆ. ಈಗಲೂ ಹೆದರಿಕೆ ಹೋಗಿಲ್ಲ. ಬೇರೆ ಕಡೆ ನೋಡಿದರೇ ನೋಯುವುದು ಅಂದವಳು ನೀನೇ. ಈ ವಾರವೇ ಬಾ. ಇವಳನ್ನು ಎತ್ತಿಕೋ, ನಾನು ಎದುರಿಗೇ ಕೂತು ನೋಡುತ್ತೇನೆ. ಮಲಗಿದರೆ ಮಲಗಲಿ. ನಿನ್ನ ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿ ಕೊಟ್ಟು, ನಾನೂ ನಿನ್ನ ಪಕ್ಕದಲ್ಲಿ ಮಲಗುತ್ತೇನೆ.