ಬೆನ್ನ ಹಿಂದಿನ ತಟ್ಟೆ

ಮಂಗಳವಾರ, ಜೂನ್ ೧೧

ಆ ತಟ್ಟೆ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಮಧ್ಯಾಹ್ನ ಮರೆತಿದ್ದ ಕನ್ನಡಕಕ್ಕೆಂದು ಅಂಗಡಿಯಿಂದ ಮನೆಗೆ ಬಂದರೆ, ಅಡುಗೆಮನೆಯಲ್ಲಿ ನಿಂತೇ ಉಣ್ಣುತ್ತಿದ್ದ ಹೆಂಡತಿ ತಟ್ಟೆಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು. "ಪಕ್ಕದ್ಮನೆಯವ್ರು ಕೊಟ್ಟಿದ್ದು, ಒಂದೇ ತುತ್ತು ಅನ್ನ ಕಣ್ರೀ," ಅಂದಳು, ಕದ್ದು ಸಿಕ್ಕಿಬಿದ್ದವಳ ಹಾಗೆ.

ತೂಕ ಇಳಿಸಿದವನು ನಾನು. ಅದು ಮತ್ತೆ ಏರಬಾರದೆಂದು ಅಕ್ಕಿ, ಗೋಧಿಯನ್ನೆಲ್ಲ ಮನೆಯಿಂದಲೇ ಓಡಿಸಿದವನೂ ನಾನೇ. ಗಿರಾಕಿಗಳ ಬಟ್ಟೆ ಹೊಲಿಯುವಾಗ, ಮುಂದೆ ಬಿಚ್ಚಿ ಸಡಿಲಿಸಲೆಂದು ಒಳಗೆ ಎರಡು ಬೆರಳಗಲ ಬಿಡುತ್ತೇನೆ. ಇವಳಿಗೆ ಅಷ್ಟನ್ನೂ ಬಿಡಲಿಲ್ಲ.

"ನಾಳೆಯಿಂದ ಇಬ್ಬರಿಗೂ ಅನ್ನ ಮಾಡು. ನಂಗೊಂದು ಸೌಟು ಸಾಕು," ಅಂದೆ.

"ನಿಜವಾಗ್ಲೂ?" ಅಂದಳು. ತಟ್ಟೆ ಮಾತ್ರ ಇನ್ನೂ ಬೆನ್ನ ಹಿಂದೆಯೇ ಇತ್ತು.

ಇಷ್ಟೇ ಆಗಿದ್ದರೆ ನಿದ್ದೆ ಬರುತ್ತಿತ್ತೇನೋ. ಅವಳು ತಟ್ಟೆ ಬಚ್ಚಿಟ್ಟಾಗ ನಾನು ಮೊದಲು ನೋಡಿದ್ದು ಅವಳ ಮುಖವನ್ನಲ್ಲ, ಬೆರಳಿಗಂಟಿದ್ದ ಅಗುಳನ್ನು. ಬಾಯಲ್ಲಿ ನೀರೂರಿತ್ತು. ಅನ್ನ ಮಾಡು ಅಂದದ್ದು ಅವಳಿಗಾಗಿಯೋ, ನನಗಾಗಿಯೋ…