ಕಾರಿನಡಿ ಮಲಗಬೇಡಿ

ರೀ,

ಡ್ಯೂಟಿಗೆ ಹೊರಟೆ. ಎದ್ದ ತಕ್ಷಣ ನಿಮ್ಮ ಹಳೇ ಸ್ಪೋರ್ಟ್ಸ್ ಕಾರಿನ ಅಡಿಗೆ ನುಗ್ಗಬೇಡಿ. ಜ್ಯಾಕ್ ಕೊಟ್ಟು ಕಾರೆತ್ತೋ ಜಾಗಾನ ಸ್ಕ್ರೂಡ್ರೈವರಲ್ಲಿ ಚುಚ್ಚಿ ನೋಡಿದೆ, ಒದ್ದೆ ರಟ್ಟಿಗೆ ಚುಚ್ಚಿದ ಹಾಗೆ ಒಳಗೇ ಹೋಯ್ತು. ತುಕ್ಕು ಕೆರೀರಿ ಅಂತ ಬಡ್ಕೊಂಡೆ, ನೀವು ಭಾನುವಾರ ಭಾನುವಾರ ಅದರ ಮೇಲೇ ಕಪ್ಪು ಬಣ್ಣ ಬಳಿದ್ರಿ. ಈಗ ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು.

ನಿನ್ನೆ ನೀವಿಲ್ಲದಾಗ ವೆಲ್ಡಿಂಗ್ ಮಾಮನಿಗೆ ತೋರಿಸಿದೆ. "ಬೆಸುಗೆ ಹಿಡಿಯೋಕೆ ಗಟ್ಟಿ ತಗಡಾದ್ರೂ ಬೇಕಲ್ಲಮ್ಮ" ಅಂದು ಕೈ ಒರೆಸಿಕೊಂಡು ಹೋದ್ರು.

ಹಾಲು ಕಾಸಿಟ್ಟಿದ್ದೀನಿ, ಆರೋ ಮುಂಚೆ ಕುಡೀರಿ.

ಜ್ಯಾಕ್ ಹುಡುಕಬೇಡಿ, ನನ್ನ ಬ್ಯಾಗಲ್ಲಿದೆ. ಮನಸ್ಸು ತಡೀದಿದ್ರೆ ಹೋಗಿ ಸ್ಟೇರಿಂಗ್ ಹಿಡಿದು ಕೂತಿರಿ. ಸಂಜೆ ಬಂದು ನಾನೂ ಪಕ್ಕದಲ್ಲಿ ಕೂತ್ಕೋತೀನಿ. ಹೇಗೂ ಅದು ಇನ್ನೆಲ್ಲಿಗೂ ಹೋಗಲ್ಲ.