ಭಾವನ ಅಧ್ಯಾಯ

ಸೋಮವಾರ, ಮಾರ್ಚ್ ೯

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ನಾನು ಆರಾಮಾಗಿದ್ದೇನೆ ಅಂತ ಬರೆದರೆ ನೀನು ನಂಬುವುದಿಲ್ಲ, ಗೊತ್ತು. ಕಾಗದ ತಡವಾಯಿತು, ಬೈಯಬೇಡ. ಬರೆದು ಬರೆದು ಹರಿದು ಹಾಕಿದೆ.

ನನ್ನ ಪುಸ್ತಕದ ಗತಿ ಕೇಳಬೇಡ. ಓಟು ಹಾಕುವ ಮುಂಚೆ ಅಭ್ಯರ್ಥಿಯನ್ನು ಹೇಗೆ ಅಳೆಯಬೇಕು ಅಂತ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ಬರೆಯಲು ಹೊರಟರೆ ಇಷ್ಟೇ. ಬೆಳಗ್ಗೆ ಒಬ್ಬರನ್ನು ಒಂದು ಪಕ್ಷ ಅಂತ ಬರೆದರೆ ಸಂಜೆಯ ಸುದ್ದಿಯಲ್ಲಿ ಅವರು ಇನ್ನೊಂದರ ಶಾಲು ಹೊದ್ದಿರುತ್ತಾರೆ. ನಾನು ಹಾಳೆ ಮಡಚುವ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುವ ಗೋಂದಣ್ಣ, “ನಿನ್ ಪುಸ್ತಕಕ್ಕೆ ಹೊಲಿಗೆ ಬೇಡಮ್ಮ, ಗುಂಡಿ ಇಡೋಣ. ದಿನಾ ಬಿಚ್ಚಿ ಹಾಳೆ ಬದಲಾಯಿಸ್ಬೋದು” ಅಂತ ನಗುತ್ತಾನೆ.

ಅದು ಹೋಗಲಿ. ಭಾವ ಚುನಾವಣೆಗೆ ನಿಂತ ಮೇಲೆ ಅವರನ್ನೂ ಬಿಡದೆ ಬರೆ ಅಂತ ಹಟ ಹಿಡಿದವಳು ನೀನು. “ನಮ್ಮವ್ರು ಅಂತ ಬಿಟ್ರೆ ನಿನ್ ಪುಸ್ತಕಾನ ಯಾರೂ ಮೂಸಲ್ಲ ಕಣೇ” ಅಂದೆ. ಬರೆದೆ. ತಪ್ಪು ತಿದ್ದಲು ಎಂದಿನಂತೆ ನಿನಗೆ ಅಂಚೆಗೆ ಹಾಕಿದೆ. ಅವರ ಗೋದಾಮಿನ ಕೊಳಕು ನೀರು ಓಣಿಗೆ ಹರಿಯುತ್ತದೆ ಅಂತಿತ್ತು. ಅಚ್ಚಾಗುವ ಮೊದಲೇ ಅಲ್ಲಿ ಹೊಸ ಪೈಪು, ಪಕ್ಕದಲ್ಲಿ ಭಾವ, ಪತ್ರಿಕೆಯಲ್ಲಿ ಫೋಟೊ. ಕೂಲಿಯವರ ಸಭೆಗೆ ಎಂದೂ ಹೋಗಿಲ್ಲ ಅಂತ ಬರೆದೆ. ಆ ವಾರವೇ ಹೋಗಿ ನೆಲದ ಮೇಲೆ ಕೂತರು. ಒಳ್ಳೆಯದೇ ಆಯಿತು ಅನ್ನು. ಆದರೆ ನನ್ನ ಹಾಳೆ ಅವರ ಕಣ್ಣಿಗೆ ಬಿದ್ದದ್ದು ಹೇಗೆ?

ಗೋಂದಣ್ಣನನ್ನೇ ಕೇಳಿಬಿಟ್ಟೆ. “ಓದೋಕೆ ಪುರುಸೊತ್ತಿದ್ದಿದ್ರೆ ಈ ಬೆರಳು ಯಾಕಮ್ಮ ಹಿಂಗೆ ಅಂಟ್ಕೊಂಡಿರ್ತಿತ್ತು?” ಅಂದವನು ಈಗ ಮಾತು ಬಿಟ್ಟಿದ್ದಾನೆ. ಭಾವನ ಕರಪತ್ರ ಅಚ್ಚು ಹಾಕುವವರೂ ನಮ್ಮ ಮಾಲೀಕರೇ, ಅವರ ಮೇಲೂ ಕಣ್ಣಿಟ್ಟೆ. “ಅನುಮಾನದ ಪಿಶಾಚಿ ನೀನು” ಅಂತ ಬೈಸಿಕೊಂಡೆ. ಗುರುವಾರ ಅಚ್ಚು. ಭಾವನ ಅಧ್ಯಾಯ ಇಡಲಾ, ತೆಗೆಯಲಾ? ನೀನು ಹೇಳಿದಂತೆ.

ನಿನ್ನ ಹೊಟ್ಟೆ ತಣ್ಣಗಿರಲಿ ಅಕ್ಕ.

ನಿನ್ನ
ಪುಕ್ಕಲಿ

ಇನ್ನೊಂದು ಮಾತು: ಭಾವ ಬೀದಿನಾಯಿಗೆ ಕಲ್ಲು ಹೊಡೆಯುತ್ತಾರೆ ಅಂತ ಕಳೆದ ಸಲದ ಹಾಳೆಯಲ್ಲಿತ್ತಲ್ಲ, ಅದು ಸುಳ್ಳು. ಬೇಕಂತಲೇ ಬರೆದೆ. ಪ್ರೆಸ್ಸಿನಲ್ಲಿ ಯಾರಿಗೂ ತೋರಿಸದೆ ನಿನಗೊಬ್ಬಳಿಗೇ ಕಳಿಸಿದೆ. ಇವತ್ತಿನ ಪತ್ರಿಕೆಯಲ್ಲಿ ಭಾವ ನಾಯಿಮರಿ ಎತ್ತಿಕೊಂಡು ನಿಂತಿದ್ದಾರೆ. ನೀನೇ ತೋರಿಸಿದ್ದರೆ ಇರಲಿ, ನಿನ್ನ ಗಂಡ. ನಾನು ಎರಡು ದಿನ ಅತ್ತು ಸುಮ್ಮನಾಗುತ್ತೇನೆ. ಆದರೆ ಈಚೆಗೆ ವಾಪಸು ಬಂದ ಹಾಳೆಗಳಲ್ಲಿ ಒಂದು ತಪ್ಪೂ ತಿದ್ದಿಲ್ಲ. ನಾನು ತಪ್ಪಿಲ್ಲದೆ ಬರೆಯುವವಳಾ? ಫೋನು ಮಾಡಿದರೂ ಭಾವನೇ ಎತ್ತುತ್ತಾರೆ, “ಮಲಗಿದಾಳೆ” ಅನ್ನುತ್ತಾರೆ.

ಭಾವ, ಈ ಕಾಗದವನ್ನೂ ನೀವೇ ಒಡೆದಿದ್ದರೆ, ಗುರುವಾರ ನಾನು ಪ್ರೆಸ್ಸಿಗೆ ಹೋಗುವುದಿಲ್ಲ, ನಿಮ್ಮ ಮನೆಗೆ ಬರುತ್ತೇನೆ. ಬಾಗಿಲು ಅಕ್ಕನೇ ತೆಗೆಯಲಿ.